ಹಳೆಯ ಅಳತೆ

"ಗುರುಗಳೇ, ತಿಳಿದವರ ಎದುರು ತಿಳಿಯದವನು ಸಂದೇಹ ಎತ್ತುವುದು ಅವಿನಯವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಕೈ ಬಹಳ ಅಚ್ಚುಕಟ್ಟು, ಬಾಯಿ ಬಹಳ ಬಿರುಸು. ಬಟ್ಟೆಗೆ ಕತ್ತರಿ ಹಾಕುವಾಗ ಗಿರಾಕಿ ತುಟಿ ಬಿಚ್ಚಿದರೆ ಸಾಕು, ಕತ್ತರಿಯನ್ನು ಅವರ ಕೈಗೇ ಕೊಟ್ಟು "ನೀವೇ ಕತ್ತರಿಸಿ" ಎನ್ನುತ್ತಿದ್ದ. ಕೆಲಸ ಬಲ್ಲವನ ಕೈ ತಡೆಯಬಾರದು ಎಂಬುದು ಅವನ ನಿಯಮ.

ಅವನ ಹೆಂಡತಿಗೆ ದವಡೆಯಲ್ಲಿ ಕ್ಯಾನ್ಸರ್ ಬಂತು. ಪಟ್ಟಣದ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಡಬೇಕೆಂದರು. ಕಿರಣಗಳು ಗುರಿ ತಪ್ಪಬಾರದು. ಅದಕ್ಕಾಗಿ ಅವಳ ತಲೆ ಅಲುಗದಂತೆ ಹಿಡಿಯಲು, ಮುಖಕ್ಕೆ ಸರಿಯಾಗಿ ಅಂಟಿ ಕೂರುವ ಒಂದು ಮುಖವಾಡ ಮಾಡಿ, ಅದರ ಮೇಲೆ ಗುರುತು ಹಾಕಿಟ್ಟರು. ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಚಿಕಿತ್ಸೆ ಮೂರು ವಾರ ಮುಂದೆ ಹೋಯಿತು. ಆ ಮೂರು ವಾರವನ್ನು ಅವಳು ಗಂಜಿಯಲ್ಲೇ ಕಳೆದಳು. ದರ್ಜಿ ಅವಳ ರವಿಕೆಗಳ ಹೊಲಿಗೆಯನ್ನು ಎರಡು ಸಲ ಬಿಚ್ಚಿ, ಒಳಗೆ ಹಿಡಿದು ಹೊಲಿದ.

ಹೊಲಿಯುವಾಗಲೇ ಅವನಿಗೆ ಹೊಳೆದಿತ್ತು: ರವಿಕೆ ಇಷ್ಟು ಸಡಿಲವಾದರೆ ಮುಖವಾಡದ ಗತಿ ಏನು? ಆದರೂ ಸುಮ್ಮನಿದ್ದ. ಅಷ್ಟು ಓದಿದವರಿಗೆ ತಿಳಿಯದೇ?

ಚಿಕಿತ್ಸೆಯ ಮೊದಲ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಹೆಂಡತಿಯ ಕೆನ್ನೆಯನ್ನೇ ನೋಡುತ್ತಿದ್ದ.

"ಏನ್ರೀ ಇದು? ಮದುವೆ ದಿನಾನೂ ನನ್ನ ಹೀಗೆ ನೋಡಿರಲಿಲ್ಲ."

"ಕೆನ್ನೆ ಒಳಕ್ಕೆ ಹೋಗಿದೆ ಕಣೇ. ಆ ಮುಖವಾಡ ಹಳೇ ಅಳತೇದು. ಸಡಿಲ ಆಗಿದ್ರೆ?"

"ಹಾಗಂತ ಒಳಗೆ ಹೋಗಿ ಹೇಳಿ."

"ಅವರ ಕೆಲಸದಲ್ಲಿ ನಾನು ಬಾಯಿ ಹಾಕೋದೇ?"

ಅವಳಿಗೆ ನಗು ಬಂತು. ನಕ್ಕರೆ ನೋವು, ದವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕಳು. "ಪಕ್ಕದ್ಮನೆಯವಳ ರವಿಕೆಗೆ ಹಬ್ಬಕ್ಕೊಂದು ಸಲ ಹೊಸ ಅಳತೆ ಕೇಳ್ತೀರಿ. ಹೆಂಡತಿ ಮುಖಕ್ಕೆ ಹಳೇದೇ ಸಾಕೇನು?"

ದರ್ಜಿ ಎದ್ದು ಒಳಗೆ ಹೋದ. ಡಾಕ್ಟರಮ್ಮನ ಎದುರು ಕೈಕಟ್ಟಿ ನಿಂತ.

"ಡಾಕ್ಟರಮ್ಮ, ತಪ್ಪು ತಿಳೀಬೇಡಿ. ನನ್ನ ಹೆಂಡತಿಯ ಮುಖವಾಡ ಜ್ವರ ಬರೋಕೆ ಮುಂಚೆ ತೆಗೆದ ಅಳತೇದು. ಆಮೇಲೆ ನಾನು ಅವಳ ರವಿಕೆ ಎರಡು ಸಲ ಒಳಗೆ ಹಿಡಿದಿದ್ದೀನಿ. ಇನ್ನೊಂದು ಸಲ ನೋಡಿ ಶುರು ಮಾಡಬಹುದಾ?"

ಡಾಕ್ಟರಮ್ಮ ಕೈಯಲ್ಲಿದ್ದ ಫೈಲನ್ನು ಕೆಳಗಿಟ್ಟರು. ಅವನ ಹೆಂಡತಿಯನ್ನು ಒಳಗೆ ಕರೆದು, ಮುಖವಾಡ ತರಿಸಿ ತೊಡಿಸಿದರು. ಅದಕ್ಕೂ ಕೆನ್ನೆಗೂ ನಡುವೆ ಅವರ ಬೆರಳು ಸಲೀಸಾಗಿ ಹೋಯಿತು.

"ಇವತ್ತು ಬೇಡ" ಎಂದರು. "ಹೊಸದು ಮಾಡಿ, ಮತ್ತೆ ಸ್ಕ್ಯಾನ್ ಮಾಡಿ, ಆಮೇಲೆ ಶುರು ಮಾಡೋಣ. ನೀವು ಹೇಳಿದ್ದು ಒಳ್ಳೇದಾಯ್ತು. ದಿನಾ ನೋಡೋ ಕಣ್ಣು ನಿಮ್ಮದು, ನಮ್ಮದಲ್ಲ."

ಕೆಲವೇ ದಿನಗಳಲ್ಲಿ ಹೊಸ ಮುಖವಾಡ ಸಿದ್ಧವಾಯಿತು. ದರ್ಜಿ ಅದರ ಅಂಚನ್ನು ಉಗುರಿನಿಂದ ಪರೀಕ್ಷಿಸಲು ಹೋಗಿ ನರ್ಸಿನಿಂದ ಬೈಸಿಕೊಂಡ. ಏಳನೆಯ ವಾರಕ್ಕೆ ಚಿಕಿತ್ಸೆ ಮುಗಿಯಿತು. ಕೆಲವು ತಿಂಗಳ ಮೇಲೆ ಹೆಂಡತಿ ರೊಟ್ಟಿಯನ್ನು ಅಗಿದು ತಿಂದಳು. ಮರುವರ್ಷ, ಹಿಡಿದ ಹೊಲಿಗೆಗಳನ್ನೆಲ್ಲ ಬಿಚ್ಚಿ ರವಿಕೆಗಳನ್ನು ಅಗಲ ಮಾಡಬೇಕಾಯಿತು. ದರ್ಜಿ ಗೊಣಗುತ್ತ ಬಿಚ್ಚಿದ. ಅವಳು ಅವನ ಎದುರಿಗೇ ಕೂತು ಇನ್ನೊಂದು ರೊಟ್ಟಿ ತಿಂದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಡಾಕ್ಟರಮ್ಮ ಒಳ್ಳೆಯವರು ಗುರುಗಳೇ, ಕೇಳಿಸಿಕೊಂಡರು. ಎಲ್ಲರ ಎದುರು ಗದರಿ ಕಳಿಸಿದ್ದರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಲ್ಲ."

"ಆನೆ ಕೊಟ್ಟರೆ ಹೋದ ಹೆಂಡತಿ ಬರುತ್ತಾಳೇನು?" ಎಂದರು ಗುರುಗಳು.