ಜೋಯಿಸರ ಮನೆಯ ಬಿಸಿಲು

ದಕ್ಷಿಣಕ್ಕೆ ಬಾಗಿಲಿರುವ ಮನೆಯಲ್ಲಿ ಯಾರೂ ಏಳಿಗೆ ಹೊಂದುವುದಿಲ್ಲ ಎಂದು ದಾವಣಗೆರೆಯಲ್ಲಿ ಎಲ್ಲರೂ ನಂಬಿದ್ದರು. ಹಾಗಾಗಿ ಮಾರಾಟಕ್ಕಿದ್ದ ಪಂಕಜಾಕ್ಷಿ ಟೀಚರ ದಕ್ಷಿಣ ಬಾಗಿಲ ಮನೆಯನ್ನು ಹಳೆಯ ದಲ್ಲಾಳಿಗಳು ಮುಟ್ಟಲಿಲ್ಲ. ಅದು ಮಾರಿಹೋಗದೆ ಟೀಚರ ಮಂಡಿ ಆಪರೇಷನ್ ಆಗುವಂತಿರಲಿಲ್ಲ.

ಅದನ್ನು ಮಾರಿಸಿಕೊಡಲು ಲಿಖಿತಾ ಒಪ್ಪಿಕೊಂಡಳು. ದಲ್ಲಾಳಿ ಕೆಲಸಕ್ಕಿಳಿದ ಮೊದಲ ವರ್ಷವೇ ಹಳಬರನ್ನೆಲ್ಲ ಹಿಂದಿಕ್ಕಿದ ಹುಡುಗಿ. ಬಡಾವಣೆಯಲ್ಲಿ ಗಿಡ ನೆಡಿಸಲು ಮನೆಮನೆ ಸುತ್ತಿದವಳೂ ಅವಳೇ. ಸುತ್ತುವಾಗ ಅವಳು ಗಿಡವನ್ನಷ್ಟೇ ನೋಡುತ್ತಿರಲಿಲ್ಲ.

ಗೊಬ್ಬರದಂಗಡಿ ರುದ್ರಮುನಿಗೆ ಮನೆ ಹಿಡಿಸಿತು. ಅವನು ಕರೆತಂದ ವಾಸ್ತು ಜೋಯಿಸರು ಹೊಸ್ತಿಲನ್ನೂ ದಾಟಲಿಲ್ಲ.

"ಯಮನ ದಿಕ್ಕು! ಬಾಗಿಲು ಒಡೆದು ಪೂರ್ವಕ್ಕೆ ಇಡಿಸು. ಇಲ್ಲ, ಬೇರೆ ಮನೆ ನೋಡಿಕೋ."

"ಆಗಲಿ ಜೋಯಿಸರೇ," ಎಂದಳು ಲಿಖಿತಾ. "ಹೇಗೆ ಒಡೆಯಬೇಕು ಅಂತ ನಾಳೆ ಮಧ್ಯಾಹ್ನ ನಿಮ್ಮ ಮನೆಗೇ ಬಂದು ಕೇಳ್ತೀವಿ."

ಇಷ್ಟು ವಿನಯ ಕಂಡು ಜೋಯಿಸರು ಉಬ್ಬಿದರು.

ಅದು ಪುಷ್ಯಮಾಸ. ಮರುದಿನ ಲಿಖಿತಾ ಜೋಯಿಸರ ಮನೆಯೊಳಗೆ, ತೆರೆದ ಬಾಗಿಲ ಪಕ್ಕದಲ್ಲೇ ಕುರ್ಚಿ ಎಳೆದು ರುದ್ರಮುನಿಯನ್ನು ಕೂರಿಸಿದಳು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಅವನ ಮಡಿಲಿಗೆ ಬಿತ್ತು.

"ಏನಮ್ಮಾ, ಇಷ್ಟು ಬಿಸಿಲು?"

"ಚಳಿಗಾಲ ಅಲ್ವಾ ಅಣ್ಣಾ, ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ."

ರುದ್ರಮುನಿ ಬಿಸಿಲು ನೋಡಿದ, ಬಾಗಿಲು ನೋಡಿದ, ಆಮೇಲೆ ಜೋಯಿಸರನ್ನು ನೋಡಿದ. ಜೋಯಿಸರು ಎದ್ದುಹೋಗಿ ಬಾಗಿಲು ಮುಂದೆ ಮಾಡಿದರು.

"ಕಾಫಿ ತಗೊಳ್ತೀರಾ?"

"ಬೇಡ ಸ್ವಾಮಿ. ಟೀಚರಿಗೆ ಮುಂಗಡ ಕೊಟ್ಟು ಬರ್ತೀನಿ."

ಜೋಯಿಸರು ಮಕ್ಕಳಿಬ್ಬರ ಮದುವೆ ಮಾಡಿ, ಮೇಲೆ ಎರಡು ಮಹಡಿ ಏರಿಸಿದ ಆ ಮನೆಯ ಬಾಗಿಲು ದಕ್ಷಿಣಕ್ಕಿತ್ತು.