ಮಾಕಮ್ಮನ ಮೆಷೀನಿಗೆ ಉಸಿರು ಕಟ್ಟಿದ್ದು

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ ಮಗಾ, ಊರಿಗೆ ಕರೆಂಟು ನಲ್ಲಿ ಎಲ್ಲಾ ಬಂದಮೇಲೆ ಅಂತಿಟ್ಕೋ, ಮಾಕಮ್ಮ ಅಂತ ಒಬ್ಬ ಮಡಿವಾಳಗಿತ್ತಿ ಇದ್ದಳಂತೆ. ಊರಲ್ಲಿ ಯಾರದೇ ಮದುವೆ ಆಗಲಿ, ಹೆಣ್ಣು ಗಂಡು ಚಪ್ಪರಕ್ಕೆ ಬರೋ ದಾರೀಲಿ ಬೆಳ್ಳಗೆ ಒಗೆದ ಬಟ್ಟೆ ಹಾಸೋಳು ಅವಳೇ. ಅದಕ್ಕೆ ನಡೆಮಡಿ ಅಂತಾರೆ. ಕಲ್ಲಿಗೆ ಬಡಿದು ಬಡಿದು, ಒಗೆಯೋ ಸೋಡಾದ ನೀರಲ್ಲಿ ನೆಂದು ನೆಂದು ಅವಳ ಅಂಗೈ ಬಿರುಕು ಬಿಟ್ಟು ರಕ್ತ ಜಿನುಗೋದಂತೆ. ಅದನ್ನ ನೋಡಲಾರದೆ ಅವಳ ಮೂರು ಜನ ಹೆಣ್ಮಕ್ಕಳು ಸೇರಿ ಬಟ್ಟೆ ಒಗೆಯೋ ಮೆಷೀನು ತಂದರಂತೆ. ಅವ್ವಾ, ಇನ್ನು ನೀನು ನೀರಿಗೆ ಕೈ ಇಡಬೇಡ ಅಂದರಂತೆ.

ಕಾಲು ಒಳಗೆ ಎಳ್ಕೋ, ಚಳಿ. ಹ್ಞಾಂ, ಆಮೇಲೆ ಮಾಕಮ್ಮನಿಗೆ ಅದರ ಮೇಲೆ ಎಷ್ಟು ಅಕ್ಕರೆ ಅಂದ್ರೆ, ಧೂಳು ಬೀಳುತ್ತೆ, ಹಲ್ಲಿ ಬೀಳುತ್ತೆ ಅಂತ ಒಗೆದು ಮುಗಿದ ತಕ್ಷಣ ಮುಚ್ಚಳ ಹಾಕಿ, ತನ್ನ ಹಳೇ ಸೀರೇಲಿ ಹೊಲಿದ ಗವಸು ಹೊದಿಸಿಬಿಡೋಳಂತೆ. ಒಂದು ವರ್ಷ ಚೆನ್ನಾಗೇ ನಡೀತಂತೆ. ಆಮೇಲೆ, ಮೇಷ್ಟ್ರ ಮಗಳ ಮದುವೆ ನಾಳೆ ಅನ್ನೋ ದಿನ ಬೆಳಿಗ್ಗೆ ನಡೆಮಡಿ ಒಗೆದು ತೆಗೆದ್ರೆ, ಅಯ್ಯೋ ಶಿವನೇ, ಉದ್ದಕ್ಕೂ ಕರೀ ಕಲೆ!

ಬಿಡಿ ನಿಮ್ಮ ಮೆಷೀನ್ನ, ನಾನೇ ಕಲ್ಲಿಗೆ ಹೋಗ್ತೀನಿ ಅಂತ ಮಾಕಮ್ಮ ಸೆರಗು ಸಿಕ್ಕಿಸಿದಳಂತೆ. ಮೂವರು ಹೆಣ್ಮಕ್ಕಳೂ ಅಡ್ಡ ನಿಂತರಂತೆ. ಆ ಕೈ ಈಗಷ್ಟೇ ಮಾಯ್ದಿತ್ತಲ್ಲ. ಸ್ವಲ್ಪ ತಡಿ ಅವ್ವಾ ಅಂದರಂತೆ.

ದೊಡ್ಡೋಳು, ಯಾರದೋ ಕಣ್ಣು ಬಿದ್ದಿದೆ ಅಂತ ಮೆಣಸಿನಕಾಯಿ ನೀವಾಳಿಸಿ ನಿಂಬೆಹಣ್ಣು ಕಟ್ಟಿದಳಂತೆ. ಕಲೆ ಹೋಗಲಿಲ್ಲ. ಆಮೇಲೆ ನಡುವಿನೋಳು, ಸೋಪು ಸಾಲದು ಅಂತ ಒಂದಕ್ಕೆ ಮೂರು ಪಾಲು ಪುಡಿ ಸುರಿದಳಂತೆ. ನೊರೆ ಉಕ್ಕಿ ಹೊಸಿಲು ದಾಟಿ ಬೀದೀಲಿದ್ದ ಕೋಳಿಮರಿ ಬೆಳ್ಳಗಾದವೇ ಹೊರತು ಬಟ್ಟೆ ಆಗಲಿಲ್ಲ. ನಗಬೇಡ, ನಿದ್ದೆ ಹಾರಿಹೋಗುತ್ತೆ.

ಕಿರಿಯೋಳು ಚಿಕ್ಕತಾಯಿ ಸುಮ್ನೆ ಮುಚ್ಚಳ ತೆಗೆದು ಒಳಗೆ ಮೂಗಿಟ್ಟಳಂತೆ. ಕಮಟು ವಾಸನೆ. ಎಳೆ ಹಿಡಿಯೋ ಬಲೆಚೀಲ ತಿರುವಿದ್ರೆ ಕರೀ ಲೋಳೆ. ಅವ್ವಾ, ಒದ್ದೆ ಬಟ್ಟೆ ಗಂಟು ಕಟ್ಟಿಟ್ರೆ ಬೂಷ್ಟು ಹಿಡಿಯುತ್ತೆ ಅಂತ ನಮಗೆ ಬೈದೋಳು ನೀನೇ ಅಲ್ವಾ, ಇದನ್ನ ವರ್ಷವೆಲ್ಲ ಒದ್ದೆ ಮೈಲೇ ಹೊದಿಸಿ ಮಲಗಿಸಿದ್ದೀಯಲ್ಲ ಅಂದಳಂತೆ. ಮಾಕಮ್ಮ ಬಾಯಿಮೇಲೆ ಕೈ ಇಟ್ಕೊಂಡಳಂತೆ. ಅಯ್ಯೋ, ಪ್ರೀತಿ ಮಾಡಿ ಉಸಿರು ಕಟ್ಟಿಸಿದ್ನಲ್ಲೇ ಅಂದಳಂತೆ.

ಆಮೇಲೆ ಹಂಡೇಲಿ ನೀರು ಕಾಯಿಸಿ, ಸೋಡಾ ಕದಡಿ ಮೆಷೀನೊಳಗೆ ಸುರಿದು, ಬಟ್ಟೆ ಹಾಕದೆ ಬರೀ ಮೆಷೀನನ್ನೇ ನೆನೆಸಿಟ್ಟು ತಿರುಗಿಸಿದರಂತೆ. ಮೊದಲ್ನೇ ಸಲ ಕರೀ ಚಕ್ಕೆ ತೇಲಿತು, ಎರಡನೇ ಸಲ ಬೂದಿಬಣ್ಣದ ನೀರು, ಮೂರನೇ ಸಲ ತಿಳಿನೀರು. ಬಲೆಚೀಲ ಉಜ್ಜಿ, ಒಳಗೆಲ್ಲ ಒರೆಸಿ, ಮತ್ತೆ ಒಗೆದು ಮಧ್ಯಾಹ್ನದ ಬಿಸಿಲಿಗೆ ಹರವಿದ್ರೆ ನಡೆಮಡಿ ಹಾಲಿನಷ್ಟು ಬೆಳ್ಳಗೆ! ಅವತ್ತಿಂದ ಆ ಮುಚ್ಚಳ ಗಾಳಿಗೆ ತೆರೆದೇ ಇರ್ತಿತ್ತಂತೆ.

ಮಾರನೇ ದಿನ ಹಾಸಿದಾಗ ಮದುವೆ ಹೆಣ್ಣು ಕಾಲಿಡದೆ ನಿಂತುಬಿಟ್ಟಳಂತೆ. ಇಷ್ಟು ಬೆಳ್ಳಗಿರೋದನ್ನ ಹೆಂಗೆ ತುಳೀಲಿ ಮಾಕಮ್ಮಾ ಅಂದಳಂತೆ. ಮಾಕಮ್ಮ ಮಾಯ್ದ ಅಂಗೈಲಿ ಅವಳ ಕೆನ್ನೆ ಸವರಿ, ತುಳಿ ನನ್ನವ್ವಾ, ಕೊಳೆಯಾದ್ರೆ ಒಗೆಯೋಕೆ ನಾವಿದ್ದೀವಲ್ಲ ಅಂದಳಂತೆ. ಆ ಹುಡುಗಿ ನಕ್ಕು ಬಲಗಾಲು ಮುಂದಿಟ್ಟಳಂತೆ.

ಕತೇನೂ ಒಣಗಿತು, ಮಡಿಚಿಟ್ಟಾಯ್ತು, ಮಲ್ಕೋ ಕಂದಾ.