ಕಟ್ಟಕಡೆಯ ಸಾಲಿನ ದೂರು

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ಮಾತಲ್ಲ ಇದು. ಕೇಳಿದ್ದು ಹೊಟ್ಟೆಯಲ್ಲೇ ಇರಲಿ. ಆಶ್ರಮದ ಮಾನ ಹೊಳೆ ದಾಟಬಾರದು.

ಹೊಳೆದಂಡೆಯ ಆ ಆಶ್ರಮದಲ್ಲಿ ನಿಜಗುಣವ್ವ ಎಂಬ ಗುರು. ರೋಗಿಗಳಿಗೆ ಕಷಾಯ ಕೊಡುವವರು. ಯಾರಿಗೆ ಯಾವ ಕಷಾಯ ಎಂಬುದನ್ನೆಲ್ಲ ಶಿಷ್ಯೆಯರು ಕಂಪ್ಯೂಟರಿನ ಒಂದೇ ಫೈಲಿನಲ್ಲಿ ಬರೆಯಬೇಕು. ಒಬ್ಬೊಬ್ಬ ರೋಗಿಗೂ ಒಂದು ಬ್ರಾಕೆಟ್ ತೆರೆಯಬೇಕು, ವಿವರ ಮುಗಿದ ಮೇಲೆ ಮುಚ್ಚಬೇಕು. ಒಂದು ತಪ್ಪಿದರೂ ಔಷಧಿ ಚೀಟಿ ಬರುವುದಿಲ್ಲ.

ಅವತ್ತು ಬರಲಿಲ್ಲ. ತಪ್ಪು ಹಿಡಿಯುವ ಕಂಪ್ಯೂಟರು ಕಟ್ಟಕಡೆಯ ಸಾಲಿಗೆ ಕೆಂಪು ಗೆರೆ ಎಳೆದು ಕೂತಿತು. ಹೊರಗೆ ಕೆಮ್ಮುವವರು ಕಾಯುತ್ತಿದ್ದರು.

ಆ ಸಾಲು ಬರೆದವಳು ದೇವೀರಿ. ಬಂದು ತಿಂಗಳೂ ಆಗಿರಲಿಲ್ಲ.

ಹಿರಿಯ ಶಿಷ್ಯೆ ಸಿದ್ದಲಿಂಗಿಗೆ ಅಷ್ಟೇ ಸಾಕಾಯಿತು. ಸಾಲನ್ನು ಇಪ್ಪತ್ತು ಸಲ ನೋಡಿದಳು. ಕಣ್ಣು ಉರಿಯಿತು, ಸೊಂಟ ಬಿದ್ದುಹೋಯಿತು, ತಪ್ಪು ಕಾಣಲಿಲ್ಲ. ಕಾಣಲಿಲ್ಲ ಅಂತ ಒಪ್ಪಿಯಾಳೇ? ಬಾವಿಕಟ್ಟೆಯಿಂದ ಅಡುಗೆಮನೆವರೆಗೆ ಹಬ್ಬಿಸಿ ಬಂದಳು: "ದೇವೀರಿ ಕೈ ತಾಗಿದ್ದೆಲ್ಲ ಹಾಳು."

ದೇವೀರಿ ಗಂಟು ಕಟ್ಟಿಕೊಂಡು ಅಳುತ್ತ ದೋಣಿ ಹತ್ತಲು ಹೊಳೆಯ ಕಡೆ ಹೊರಟಳು.

"ಹೋದರೆ ಹೋಗಲಿ ಬಿಡಿ ಅವ್ವಾ," ಎಂದಳು ಸಿದ್ದಲಿಂಗಿ.

ಬೇರು ಕುಟ್ಟುತ್ತಿದ್ದ ನಿಜಗುಣವ್ವ ಕೈ ನಿಲ್ಲಿಸಿ ನಿಟ್ಟುಸಿರು ಬಿಟ್ಟರು.

"ಮೊನ್ನೆ ನಮ್ಮ ಹಸು ಎಲ್ಲಿ ಸಿಕ್ಕಿತೇ?"

"ಬದನೆ ಪಾತಿಯಲ್ಲಿ."

"ಬದನೆ ಗಿಡಕ್ಕೆ ಬೈದೆಯಾ?"

"ಅದಕ್ಯಾಕೆ ಬೈಯಲಿ? ಕೊಟ್ಟಿಗೆಗೆ ಅಗಳಿ ಹಾಕದವರಿಗೆ ಬೈದೆ."

"ಹಾಗಾದರೆ ಫೈಲನ್ನು ಮೊದಲಿಂದ ಓದು. ತೆರೆದದ್ದೆಲ್ಲ ಮುಚ್ಚಿದೆಯಾ ಅಂತ ಬೆರಳಿಟ್ಟು ನೋಡು."

"ಇನ್ನೂರು ಜನ ಇದ್ದಾರವ್ವಾ. ಸಾಕಾಗಿಹೋಗಿದೆ."

"ನನಗೂ ಸಾಕಾಗಿದೆ. ಓದು."

ಇನ್ನೂರು ಓದಬೇಕಾಗಲಿಲ್ಲ. ಮೊದಲನೆಯ ರೋಗಿಯಲ್ಲೇ ಬೆರಳು ನಿಂತಿತು. ಆ ಬ್ರಾಕೆಟ್ ಮುಚ್ಚಿಯೇ ಇರಲಿಲ್ಲ. ಆಮೇಲೆ ಬಂದವರೆಲ್ಲ ಅದರೊಳಗೇ ತುಂಬಿಕೊಂಡಿದ್ದರು; ಲೆಕ್ಕ ತಪ್ಪಿದ್ದು ಕಂಪ್ಯೂಟರಿಗೆ ತಿಳಿದದ್ದು ಕಟ್ಟಕಡೆಯ ಸಾಲಿನಲ್ಲಿ. ಮೊದಲನೆಯದನ್ನು ಬರೆದ ಕೈ ಸಿದ್ದಲಿಂಗಿಯದೇ.

ಸದ್ದಿಲ್ಲದೆ ಮುಚ್ಚಿದಳು. ಚೀಟಿಗಳು ಬರತೊಡಗಿದವು.

"ಸರಿಹೋಯಿತು ಅವ್ವಾ," ಎಂದಳು, ತಲೆ ಎತ್ತದೆ. "ಒಂದು ತೆರೆದೇ ಇತ್ತು, ಮುಚ್ಚಿಬಿಟ್ಟೆ."

ನಿಜಗುಣವ್ವ ಅವಳ ಮುಖವನ್ನೇ ನೋಡಿದರು.

"ಬಾವಿಕಟ್ಟೆಯಲ್ಲಿ ತೆರೆದದ್ದು ಹಾಗೇ ಇದೆ. ಹೋಗು, ದೋಣಿ ಇನ್ನೂ ಬಿಟ್ಟಿಲ್ಲ."